ದೋಣಿಯಲ್ಲಿ ಕುಳಿತವನು

ಹೆಸರು ಬರೆಯಬೇಕೋ, ಬಿಡಬೇಕೋ. ಹಂಪೇಶನ ಮೇಲೆ ತನಗಿರುವುದು ಅನುಮಾನವೇ ಹೌದೋ, ಇಲ್ಲ ಒಂದು ವಾರದಿಂದ ಎದೆಯಲ್ಲಿ ಕುಳಿತಿರುವ ಇನ್ನೊಂದೇನೋ ಅನುಮಾನದ ವೇಷ ತೊಟ್ಟು ಬಂದಿದೆಯೋ? ಬೀಗ ಒಡೆದಿರಲಿಲ್ಲ. ಅದು ನಿಜ. ಕೀಲಿ ಅವನ ಹತ್ತಿರ ಇತ್ತು. ಅದೂ ನಿಜ. ಆದರೆ ಬೆಳಿಗ್ಗೆ ಆ ಚಿತ್ರವನ್ನು ಕಂಡ ಕೂಡಲೇ ಅವನ ಹೆಸರು ನಾಲಿಗೆಗೆ ಬಂದಾಗ ಒಳಗೆಲ್ಲೋ ಒಂದು ಸಣ್ಣ ಸಮಾಧಾನವೂ ಆಗಿತ್ತಲ್ಲ, ಅದು ಯಾಕೆ?

ಕೊಟ್ಟೂರು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತು ವೀರಭದ್ರಯ್ಯನವರು ತಾವು ಬರೆದ ಎರಡು ಸಾಲನ್ನು ಮತ್ತೆ ಓದಿದರು. ಕಣ್ಣಿಗೆ ಪೊರೆ ಬಂದಿದ್ದರಿಂದ ಹಾಳೆಯನ್ನು ಮೂಗಿನ ಹತ್ತಿರ ಹಿಡಿಯಬೇಕಾಗಿತ್ತು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಅವರು ಊರಿನ ಹಳೆಯ ಶೇಂಗಾ ಗೋದಾಮೊಂದರಲ್ಲಿ ಚಿತ್ರಶಾಲೆ ನಡೆಸುತ್ತಿದ್ದರು.

"ಅನುಮಾನ ಇದ್ರ ಹೆಸರು ಬರೀರಿ ಮೇಷ್ಟ್ರೇ. ಇಲ್ಲಂದ್ರ 'ಯಾರೋ ಅಪರಿಚಿತರು' ಅಂತ ಬರೀರಿ. ಎರಡಕ್ಕೂ ಖರ್ಚಾಗೋದು ಒಂದೇ ಇಂಕು," ಎಂದ ಹೆಡ್ ಕಾನ್‌ಸ್ಟೇಬಲ್ ಮೈಲಾರೇಶ್.

"ಕೀಲಿ ಇರೋದು ಎರಡೇ. ಒಂದು ನನ್ನ ಉಡದಾರದಾಗ ಐತಿ."

"ಇನ್ನೊಂದು?"

"ಹಂಪೇಶನ ಹತ್ರ."

"ಮತ್ತ ಏನು ಯೋಚನಿ ಮಾಡ್ತೀರಿ?"

ವೀರಭದ್ರಯ್ಯ ಬರೆದರು.

2025ರ ನವೆಂಬರ್ 18, ಮಂಗಳವಾರ. ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ದೂರು ಪಿಎಸ್‌ಐ ಕಾಂತೇಶ್ ಅವರ ಮೇಜಿಗೆ ಬಂತು. ಚಿತ್ರಶಾಲೆಯ ಒಳಕೋಣೆಯಲ್ಲಿದ್ದ ಹಳೆಯ ತೈಲಚಿತ್ರವನ್ನು ಯಾರೋ ಕೆರೆದು ಹಾಳುಮಾಡಿದ್ದಾರೆ. ಅಲ್ಲಿಯೇ ಶಿಕ್ಷಕನಾಗಿರುವ ಹಗರಿಬೊಮ್ಮನಹಳ್ಳಿಯ ಹಂಪೇಶ್, ವಯಸ್ಸು ಇಪ್ಪತ್ತೊಂಬತ್ತು, ಇವನ ಮೇಲೆ ಅನುಮಾನವಿದೆ.

"ಚಿತ್ರದಾಗ ಯಾರದಾರ ಮೇಷ್ಟ್ರೇ?" ಎಂದು ಕಾಂತೇಶ್ ಕೇಳಿದರು.

"ಯೇಸು. ಅವನ ಶಿಷ್ಯರು. ಸಮುದ್ರದ ದಡ."

ಕಾಂತೇಶ್ ಪೆನ್ನು ಕೆಳಗಿಟ್ಟರು. ಅತಿಕ್ರಮ ಪ್ರವೇಶ ಮತ್ತು ಆಸ್ತಿಹಾನಿ ಎಂದು ಎಫ್‌ಐಆರ್ ದಾಖಲಿಸಿ ಕೂಡ್ಲಿಗಿಯ ಡಿವೈಎಸ್ಪಿಗೆ ಫೋನ್ ಮಾಡಿದರು. ಆ ಕಡೆಯಿಂದ ಬಂದದ್ದು ಒಂದೇ ಮಾತು: ಇದು ಧರ್ಮದ ಜಗಳವೋ ಅಲ್ಲವೋ, ವಾಟ್ಸಾಪಿನವರು ತೀರ್ಮಾನ ಮಾಡುವ ಮೊದಲು ನೀವು ಹೇಳಬೇಕು.

ಚಿತ್ರಶಾಲೆ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿತ್ತು. ಹುರಿದ ಅಕ್ಕಿಯ ವಾಸನೆ ಒಳಕೋಣೆಯವರೆಗೂ ಬಂದಿತ್ತು. ಕಾಂತೇಶ್, ಮೈಲಾರೇಶ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಸಂಗೀತಾ ಹೋದಾಗ ಪಂಚರಾಗಿ ಇಬ್ಬರು ಭಟ್ಟಿಯ ಮಾಲೀಕರು ಬಂದು ನಿಂತಿದ್ದರು. ಪಂಚನಾಮೆಯನ್ನು ಕಾಂತೇಶ್ ತಾವೇ ಹೇಳಿ ಬರೆಸಿದರು.

ಚಿತ್ರವು ಮರದ ಚೌಕಟ್ಟಿನಲ್ಲಿದೆ, ಒಬ್ಬ ಮನುಷ್ಯ ತೋಳು ಚಾಚಿದಷ್ಟು ಅಗಲ. ಐನೂರು ವರ್ಷದ ಹಿಂದಿನ ಇಟಲಿಯ ಯಾವುದೋ ಚರ್ಚಿನ ಚಿತ್ರದ ನಕಲು. ಈ ಭಾಗದಲ್ಲಿ ಔಷಧಾಲಯ ನಡೆಸುತ್ತಿದ್ದ ಇಟಲಿಯ ಸನ್ಯಾಸಿನಿಯೊಬ್ಬರು ಊರಿಗೆ ಮರಳುವಾಗ, ನಲವತ್ತು ವರ್ಷದ ಹಿಂದೆ, ವೀರಭದ್ರಯ್ಯನವರಿಗೆ ಕೊಟ್ಟು ಹೋದದ್ದು. ಎಡಕ್ಕೆ ದಡ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ಬಿಳಿ ಬಟ್ಟೆಯ ವ್ಯಕ್ತಿ ನಿಂತಿದ್ದಾನೆ. ನಡುವೆ ಸೊಂಟದವರೆಗಿನ ನೀರಿನಲ್ಲಿ ದಡದತ್ತ ಬರುತ್ತಿರುವ ಗಡ್ಡದ ಮನುಷ್ಯ. ಬಲಕ್ಕೆ ದೋಣಿ, ಬಲೆ ಎಳೆಯುತ್ತಿರುವ ಕೆಲವರು, ದೋಣಿಯ ಮೂತಿಯಲ್ಲಿ ಕುಳಿತ ಒಬ್ಬ ಯುವಕ. ಹಿಂದೆ ಕೊಲ್ಲಿ, ಬಂಡೆಗಳ ಗುಡ್ಡ, ಬಂದರಿನ ಸಣ್ಣ ಊರು, ಬೆಳಗಿನ ಬೆಳಕು.

ಹಾಳಾದದ್ದು ದೋಣಿಯ ಯುವಕ ಮಾತ್ರ. ಮುಖದಿಂದ ಎದೆಯವರೆಗೆ ಬಣ್ಣವನ್ನು ಚಪ್ಪಟೆ ಅಲಗಿನಿಂದ ಕೆರೆದು ಅಡಿಯ ಕ್ಯಾನ್ವಾಸ್ ಬಟ್ಟೆ ಕಾಣುವ ಹಾಗೆ ಮಾಡಲಾಗಿತ್ತು. ಅಲಗು ಪಕ್ಕದವನ ಭುಜಕ್ಕೂ ತಗುಲಿರಲಿಲ್ಲ. ದಡದ ವ್ಯಕ್ತಿಯ ಎರಡೂ ಕಣ್ಣಿನ ಮೇಲೆ ಹಳದಿ ಮಿಶ್ರಿತ ಕಂದು ಬಣ್ಣದ ಅಂಟು ಪದಾರ್ಥ. ಚಿತ್ರದ ಕೆಳಗೆ ಭಾನುವಾರದ ಪತ್ರಿಕೆ ಹಾಸಿತ್ತು, ಉದುರಿದ ಬಣ್ಣದ ಪುಡಿಯೆಲ್ಲ ಅದರ ಮೇಲೆಯೇ ಇತ್ತು.

"ಕಸ ಚೆಲ್ಲದಂಗ ಕೆಲಸ ಮಾಡ್ಯಾನ ಸರ್," ಎಂದ ಮೈಲಾರೇಶ್. "ಹಿಡಿದ ಮ್ಯಾಲೆ ಒಂದಿನ ನಮ್ಮ ಕ್ವಾರ್ಟರ್ಸ್ ಕಡಿ ಕಳಿಸ್ರಿ. ನಮ್ಮ ಮನಿಯಾಕಿ ಖುಷಿ ಆಗ್ತಾಳ."

ವೀರಭದ್ರಯ್ಯ ನಗಲಿಲ್ಲ. "ದೇವರ ಕಣ್ಣಿಗೆ ಮಣ್ಣು ಮೆತ್ತಿ ಕುರುಡು ಮಾಡ್ಯಾನ. ಅದನ್ನ ಬರಕೊಳ್ರಿ," ಎಂದರು.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ತಾವೇ ಬೀಗ ಹಾಕಿದ್ದಾಗಿ, ಸೋಮವಾರ ಚಿತ್ರಶಾಲೆಗೆ ರಜೆ ಇದ್ದುದಾಗಿ ಅವರು ಹೇಳಿದರು. ಸಂಗೀತಾ ಫೋಟೋ ತೆಗೆದಳು. ಒಂದು ಕಣ್ಣಿನ ಅಂಟನ್ನು ಬಿಡಿಸಿ ಪೊಟ್ಟಣದಲ್ಲಿ ಹಾಕುವಾಗ ಮೂಗಿನ ಹತ್ತಿರ ತಂದು, ಏನೋ ಹೇಳಲು ಹೋಗಿ, ಪಂಚರನ್ನು ನೋಡಿ ಪೊಟ್ಟಣದ ಬಾಯಿ ಮಡಚಿದಳು.

ಮಧ್ಯಾಹ್ನ ಮೂರಕ್ಕೆ ಹಂಪೇಶ್ ಠಾಣೆಗೆ ಬಂದ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

"ಭಾನುವಾರ ಎಲ್ಲಿದ್ದಿ?"

"ಮನ್ಯಾಗ ಸರ್. ಹಗರಿಬೊಮ್ಮನಹಳ್ಳಿ."

"ಯಾರು ನೋಡ್ಯಾರ?"

"ಅವ್ವ."

"ಅವ್ವನ ಸಾಕ್ಷಿ ಎಲ್ಲ ಕಳ್ಳರಿಗೂ ಇರ್ತತಿ," ಎಂದ ಮೈಲಾರೇಶ್.

ಹಂಪೇಶ್ ಕೀಲಿಯನ್ನು ಮೇಜಿನ ಮೇಲಿಟ್ಟ. ಕಾಂತೇಶ್ ಅದನ್ನು ತಿರುಗಿಸಿ ನೋಡಿದರು. ಹಳೆಯ ಕೀಲಿ, ಹಿಡಿಕೆ ಸವೆದಿತ್ತು.

"ನಿನಗಿಂತ ಮೊದಲು ಇದು ಯಾರ ಹತ್ರ ಇತ್ತು?"

"ಯರ್ರಿಸ್ವಾಮಿ ಅಣ್ಣನ ಹತ್ರ. ಇಪ್ಪತ್ತು ವರ್ಷದಿಂದ ಮೇಷ್ಟ್ರ ಜೋಡಿ ಅದಾರ. ಅಲ್ಲೇ ಕಲಿತು, ಅಲ್ಲೇ ಕಲಿಸ್ತಾರ. ನಾನು ಬಂದು ಆರು ತಿಂಗಳಾತು. ಬಂದ ಮ್ಯಾಲೆ ಮೇಷ್ಟ್ರು ಅವರಿಂದ ಇಸಕೊಂಡು ನನಗ ಕೊಟ್ರು."

"ಯಾಕ?"

"ಅವ್ರದು ಚಿತ್ರಗಾರ ಮನೆತನರಿ. ಊರಮ್ಮ, ದುರುಗಮ್ಮ ಅಂತ ಹಳ್ಳಿ ದೇವರಿಗೆ ಬಣ್ಣ ಹಚ್ಚಾಕ ಹೋಗ್ತಿರ್ತಾರ. ನಾನು ದಿನಾ ಇರ್ತೀನಿ ಅಂತ."

"ಈಗೆಲ್ಲಿ ಅದಾನ?"

"ಹರಪನಹಳ್ಳಿ ಆಚಿ ಅರಸೀಕೆರಿ ಕಡಿ ಒಂದು ಹಳ್ಳಿ. ಶುಕ್ರವಾರ ಹೋಗ್ಯಾರ. ಬಣ್ಣ ಮುಗಿಯೋ ತನಕ ಗುಡಿ ಬಿಟ್ಟು ಬರಂಗಿಲ್ಲ ಅವ್ರು."

ಕಾಂತೇಶ್ ಆ ಹೆಸರನ್ನು ಬರೆದುಕೊಂಡು ಮುಂದೆ 'ಊರಲ್ಲಿರಲಿಲ್ಲ' ಎಂದು ಸೇರಿಸಿದರು. ತಾವು ಹಿಡಿಯಬೇಕಾದವನು ಚಿತ್ರದ ಅಷ್ಟು ಜನರಲ್ಲಿ ಒಬ್ಬನನ್ನೇ ಆರಿಸಿಕೊಂಡಿದ್ದ. ದೋಣಿಯ ಆ ಯುವಕ ಯಾರೆಂದು ತಿಳಿಯದೆ ಕೆರೆದವನು ಯಾರೆಂದು ತಿಳಿಯುವಂತಿರಲಿಲ್ಲ.

"ಆ ಚಿತ್ರ ಏನು ಹೇಳ್ತತಿ? ನನಗ ತಿಳಿಯಂಗ ಹೇಳು."

ಹಂಪೇಶ್ ಮೊಬೈಲಿನಲ್ಲಿದ್ದ ಫೋಟೋ ತೆಗೆದು ಮೇಜಿನ ಮೇಲಿಟ್ಟ. ಮಾತು ಶುರುವಾದ ಮೇಲೆ ಅವನ ಭಯ ಕಡಿಮೆಯಾಯಿತು.

"ಯೇಸು ಸತ್ತು ಮತ್ತ ಎದ್ದು ಬಂದ ಮ್ಯಾಲಿನ ಕತಿ ಸರ್. ಶಿಷ್ಯರು ರಾತ್ರಿಯೆಲ್ಲ ಬಲಿ ಬೀಸಿದ್ರು, ಒಂದು ಮೀನೂ ಸಿಗಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ದಡದಾಗ ಯಾರೋ ನಿಂತು, ಬಲಗಡಿ ಹಾಕ್ರಿ ಅಂತ ಕೂಗಿದ. ಹಾಕಿದ್ರು. ಬಲಿ ತುಂಬಿತು. ಇವನು ನಮ್ಮ ಗುರು ಅಂತ ಗೊತ್ತಾದ ಕೂಡ್ಲೆ ಒಬ್ಬ ನೀರಿಗೆ ಹಾರಿದ. ಇವನು, ಗಡ್ಡದಾತ. ಪೇತ್ರ ಅಂತ. ಎಲ್ಲರೂ ನೋಡೋದು ಇವನನ್ನ. ಮೇಷ್ಟ್ರೂ ನಲವತ್ತು ವರ್ಷ ಹಂಗ ಪಾಠ ಮಾಡ್ಯಾರ. ಭಕ್ತಿ ಅಂದ್ರ ಹಾರೋದು ಅಂತ."

"ನೀನೇನಂತಿ?"

"ನಮ್ಮೂರು ತುಂಗಭದ್ರಾ ಹಿನ್ನೀರಿನ ಮಗ್ಗುಲ ಸರ್. ಮುಂಜಾನಿ ಮಂಜಿನಾಗ ತೆಪ್ಪದ ಮ್ಯಾಲೆ ಇದ್ದವರಿಗೆ ದಡದಾಗಿನ ಮನುಷ್ಯನ ಮುಖ ಕಾಣಂಗಿಲ್ಲ. ನಿಂತ ನಿಲುವು ನೋಡಿ ಗುರುತು ಹಿಡಿಬೇಕು. ಈ ಚಿತ್ರದಾಗ ಹಂಗ ಗುರುತು ಹಿಡಿದವನು ಹಾರಿದವನಲ್ಲ. ದೋಣ್ಯಾಗ ಕುಂತಾನಲ್ಲ, ಈ ಹುಡುಗ. ಬಾಯಿ ಅರ್ಧ ತೆರದಾನ ನೋಡ್ರಿ. ಈಗ ತಾನೆ ಹೇಳ್ಯಾನ. ಅವನ ಮಾತು ಕೇಳಿ ಇವನು ಹಾರ್ಯಾನ. ಯೇಸು ನೋಡ್ತಿರೋದೂ ಹಾರಿದವನನ್ನಲ್ಲ. ಅವನ ತಲಿ ಮ್ಯಾಲಿಂದ ಹಾದು ದೋಣಿ ಕಡಿ ನೋಡ್ತಾನ."

"ಅಂದ್ರ ಕಂಡವನು ಒಬ್ಬ, ಹೆಸರು ತಗೊಂಡವನು ಒಬ್ಬ."

"ಹೌದು ಸರ್."

"ಇದನ್ನ ಎಲ್ಲಿ ಹೇಳಿದಿ?"

"ಹರಪನಹಳ್ಳಿ ಕಾಲೇಜಿನಾಗ, ಒಂಬತ್ತನೇ ತಾರೀಕು ಲೇಖನ ಓದಿದೆ. ಚಿತ್ರಶಾಲಿಯವರೆಲ್ಲ ಬಂದಿದ್ರು. ಮೇಷ್ಟ್ರು ಎದ್ದು ನಿಂತು, ನಲವತ್ತು ವರ್ಷ ಇದರ ಮುಂದ ಕುಂತೀನಿ, ನನ್ನ ಕಣ್ಣು ತೆರಿಸಿದವನು ಇವನೊಬ್ಬನೇ ಅಂದ್ರು. ಈ ಲೇಖನದ ಮ್ಯಾಲೇ ನನಗ ಕಾಲೇಜಿನಾಗ ಕೆಲಸ ಆಗೈತ್ರಿ. ಮುಂದಿನ ವಾರ ಪೊಲೀಸ್ ವೆರಿಫಿಕೇಶನ್." ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆಯುತ್ತಿದ್ದ. "ಎಫ್‌ಐಆರ್‌ನ್ಯಾಗ ನನ್ನ ಹೆಸರು ಇದ್ರ ಅದು ಹೋತು. ನೀವೇ ಹೇಳ್ರಿ ಸರ್. ನನ್ನ ಮಾತಿಗಿದ್ದ ಒಂದೇ ಸಾಕ್ಷಿ ಆ ಹುಡುಗ. ಅವನನ್ನೇ ಕೆರಿತೀನಾ ನಾನು?"

ಕಾಂತೇಶ್ ಕೀಲಿಯನ್ನು ಲಕೋಟೆಗೆ ಹಾಕಿದರು. ಊರು ಬಿಟ್ಟು ಹೋಗಬಾರದೆಂದು ಹೇಳಿ ಕಳಿಸಿದರು.

ಅವನು ಹೋದ ಮೇಲೆ ಸಂಗೀತಾ ಬಂದು ನಿಂತಳು. ಹಡಗಲಿ ಕಡೆಯ ಕುರಿಗಾರರ ಮನೆಯವಳು, ಸೇರಿ ಒಂದು ವರ್ಷವಾಗಿತ್ತು, ಕೇಳಿದ್ದಕ್ಕಷ್ಟೇ ಮಾತಾಡುತ್ತಿದ್ದಳು.

"ಅದು ಮಣ್ಣಲ್ಲ ಸರ್. ಜೇನುಮೇಣ."

"ಹೆಂಗ ಗೊತ್ತು?"

"ವಾಸನಿ. ನಮ್ಮೂರಾಗ ಊರಮ್ಮಗ ಬಣ್ಣ ಹಚ್ಚೋ ಮುಂದ ಚಿತ್ರಗಾರ ಮದ್ಲು ಆಕಿ ಕಣ್ಣಿಗೆ ಮೇಣ ಇಡ್ತಾನ. ಕಣ್ಣು ಬಿಟ್ಕಂಡಿರೋ ದೇವರ ಮುಂದ ಉಳಿ ಹಿಡಿಯಂಗಿಲ್ಲ, ಹಳೇ ಬಣ್ಣ ಕೆರಿಯಂಗಿಲ್ಲ. ಎಲ್ಲ ಮುಗದ ಮ್ಯಾಲೆ ಕಟ್ಟಕಡಿಗೆ ಮೇಣ ತಗದು ಕಣ್ಣು ಬರೀತಾನ."

ಮೈಲಾರೇಶ್ ಬರೆಯುವುದನ್ನು ನಿಲ್ಲಿಸಿ ನೋಡಿದ. "ಅಲ್ಲಬೇ, ಅದು ಊರಮ್ಮ. ಇದು ಯೇಸು."

"ಕೈಗೆ ರೂಢಿ ಆಗಿರ್ತತಲ್ಲಣ್ಣ. ಯಾವ ದೇವರಾದ್ರೇನು."

"ಹಂಗಾರ ಕುರುಡು ಮಾಡಿದ್ದಲ್ಲ ಅಂತೀ," ಎಂದರು ಕಾಂತೇಶ್.

"ಅಲ್ಲ ಸರ್. ನೋಡಬ್ಯಾಡ ಅಂತ ಕೇಳ್ಕಂಡಿದ್ದು."

ಕಾಂತೇಶ್ ಡಿವೈಎಸ್ಪಿಗೆ ಫೋನ್ ಮಾಡಿ ಇದು ಧರ್ಮದ ಜಗಳವಲ್ಲ ಎಂದಷ್ಟೇ ಹೇಳಿದರು. ಮತ್ತೇನು ಎಂದು ಅವರು ಕೇಳಿದ್ದಕ್ಕೆ, ನಾಳೆ ಹೇಳುತ್ತೇನೆ ಸರ್ ಎಂದರು. ಬಳಿಕ 'ಊರಲ್ಲಿರಲಿಲ್ಲ' ಎಂದು ಬರೆದದ್ದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಮರುದಿನ ಬುಧವಾರ ಬೆಳಿಗ್ಗೆ ಮೈಲಾರೇಶ್ ಹರಪನಹಳ್ಳಿ ರಸ್ತೆಯ ಪೆಟ್ರೋಲ್ ಬಂಕಿಗೆ ಹೋಗಿ ಭಾನುವಾರದ ಸಿಸಿಟಿವಿ ನೋಡಿದ. ಮಧ್ಯಾಹ್ನ ಎರಡರ ಸುಮಾರಿಗೆ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬನು ಬೈಕಿನಲ್ಲಿ ಊರೊಳಗೆ ಬಂದಿದ್ದ. ಗಂಟೆಯೊಳಗೆ ಮರಳಿ ಹೋಗಿದ್ದ. ಮುಖ ಕಾಣುತ್ತಿರಲಿಲ್ಲ. ನಂಬರ್ ಪ್ಲೇಟ್ ಕಾಣುತ್ತಿತ್ತು. ಬೈಕು ಯರ್ರಿಸ್ವಾಮಿಯ ಹೆಸರಿನಲ್ಲಿತ್ತು.

ಅದೇ ಹೊತ್ತಿಗೆ ಸಂಗೀತಾ ಯರ್ರಿಸ್ವಾಮಿಯ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಅವನ ಹೆಂಡತಿ ಬಸಲಿಂಗಮ್ಮ ನೆನೆಸಿದ ಹುಣಸೆಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಬಣ್ಣಕ್ಕೆ ಬೆರೆಸುವ ಅಂಟು ಮಾಡಲು. ಯೂನಿಫಾರ್ಮು ಕಂಡು ಮೊದಲು ಗಾಬರಿಯಾದವಳು ಹುಡುಗಿಯ ಮಾತು ಕೇಳಿ ಸ್ವಲ್ಪ ಸಡಿಲಾದಳು.

"ಭಾನುವಾರ ಅಣ್ಣಾರು ಮನಿಗೆ ಬಂದಿದ್ರೇನಕ್ಕಾ?"

"ಇಲ್ಲವ್ವ. ದೇವಿ ಕಣ್ಣು ಬರಿಯೋ ತನಕ ಮನಿ ಹೊಸ್ತಿಲ ತುಳಿಯಂಗಿಲ್ಲ. ನಾನು ಫೋನ್ ಮಾಡಿದ್ರೂ ಎತ್ತಂಗಿಲ್ಲ."

"ಹರಪನಹಳ್ಳಿ ಭಾಷಣಕ್ಕ ಹೋಗಿದ್ರಂತಲ್ಲ."

ಬಸಲಿಂಗಮ್ಮನ ಕೈ ನಿಂತಿತು. "ಹೋಗಿದ್ರು. ಬಂದು ಉಣಲಿಲ್ಲ. ಏನಾತು ಅಂದೆ. ಆ ಹುಡುಗ ಚಲೋ ಮಾತಾಡಿದ ಅಂದ್ರು. ಏನಂತ ಮಾತಾಡಿದ ಅಂದೆ. ಹೇಳಿದ್ರು. ನಾನು ಅಂದೆ, ಅಯ್ಯ, ಇದನ್ನ ನೀವ ಹೇಳಿದ್ರಲ್ಲ."

"ಯಾವಾಗ?"

"ಮೇಷ್ಟ್ರು ಅಯ್ಯನೋರ ಗೋದಾಮು ಸೋರ್ತಿತ್ತು ಅಂತ ಆ ಚಿತ್ರ ಒಂದು ಮಳಿಗಾಲ ನಮ್ಮ ನಡುಮನ್ಯಾಗ ಇತ್ತು. ಒಂಬತ್ತು ವರ್ಷಾತು, ನನ್ನ ಸಣ್ಣ ಮಗಳು ಆಗ ತೊಟ್ಟಿಲಾಗ ಇದ್ಲು. ಇವ್ರು ಒಂದಿನ ಕರದು ತೋರಿಸಿದ್ರು. ನೋಡು, ದಡದಾತನ ಕಣ್ಣು ನೀರಾಗಿನವನ ಮ್ಯಾಲಿಲ್ಲ, ದೋಣ್ಯಾಗಿನವನ ಮ್ಯಾಲೈತಿ. ಮದ್ಲು ಕಂಡವ ಇವನು, ಅಂತ. ಕಣ್ಣು ಬರಿಯೋರಿಗೆ ಕಣ್ಣು ಎತ್ತಾಗ ಐತಿ ಅಂತ ತಿಳಿಯಂಗಿಲ್ಲೇನವ್ವ? ಮರುದಿನ ಅಯ್ಯನೋರಿಗೂ ಹೇಳಿದ್ರು. ನಾನು ಬುತ್ತಿ ಕೊಡಾಕ ಹೋಗಿದ್ದೆ, ಬಾಗಿಲಾಗ ನಿಂತಿದ್ದೆ."

"ಏನಂದ್ರು ಅಯ್ಯನೋರು?"

"ನೀನು ಬಣ್ಣ ನೋಡ್ಕಳಲೇ ಯರ್ರಿ, ಅರ್ಥ ನಾನು ನೋಡ್ಕಂತೀನಿ, ಅಂದ್ರು. ನಕ್ಕಂತ ಅಂದ್ರು. ಇವ್ರೂ ನಕ್ರು." ಅವಳು ಮತ್ತೆ ಒಂದು ಬೀಜ ಎತ್ತಿಕೊಂಡಳು. "ಭಾಷಣ ಕೇಳಿ ಬಂದ ದಿನ ನಾನು ಇದನ್ನ ನೆನಪು ಮಾಡಿದ್ದಕ್ಕ ನನ್ನ ಮ್ಯಾಲೆ ಹರಿಹಾಯ್ದ್ರು. ಬಾಯಿ ಮುಚ್ಚು ಅಂದ್ರು. ಮದುವಿ ಆದಾಗಿಂದ ಹಂಗ ಅಂದವರಲ್ಲ. ಯಾಕವ್ವ, ಏನಾಗೈತಿ?"

ಸಂಗೀತಾ ಪುಸ್ತಕ ತೆಗೆದಳು. ಬಸಲಿಂಗಮ್ಮನ ಹೇಳಿಕೆಯನ್ನು ಬರೆದುಕೊಂಡು ಅವಳಿಗೇ ಓದಿ ಹೇಳಿದಳು. ಆಗ ಆ ಚಿತ್ರಕ್ಕೆ ಏನೋ ಆಗಿದೆ, ಮಾಡಿದವನು ತನ್ನ ಗಂಡ ಎಂದು ಬಸಲಿಂಗಮ್ಮನಿಗೆ ತಾನಾಗಿಯೇ ಗೊತ್ತಾಯಿತು.

ಜೀಪು ಹರಪನಹಳ್ಳಿ ದಾಟಿ ಅರಸೀಕೆರೆ ದಾರಿ ಹಿಡಿದಾಗ ಮಧ್ಯಾಹ್ನ ಒಂದೂವರೆ. ಮೆಕ್ಕೆಜೋಳ ಕಟಾವಾಗಿ ರಸ್ತೆಯ ಅರ್ಧಭಾಗದಲ್ಲಿ ಒಣಹಾಕಿದ್ದರು. ದೂರದಲ್ಲಿ ಉಚ್ಚಂಗಿದುರ್ಗದ ಗುಡ್ಡ ಕಾಣುತ್ತಿತ್ತು. ಹಳ್ಳಿಯ ಊರಮ್ಮನ ಗುಡಿ ಒಂದು ಅಂಕಣದ್ದು; ಗರ್ಭಗುಡಿಯ ಬಾಗಿಲಿಗೆ ಕಂಬಳಿಯ ಪರದೆ ಕಟ್ಟಿತ್ತು. ಪೂಜಾರಿ ಚೌಡಣ್ಣ ಪರದೆಯ ಮುಂದೆ ಕುಳಿತಿದ್ದ.

"ಯರ್ರಿಸ್ವಾಮಿ ಒಳಗ ಅದಾನೇನು?"

"ಅದಾನ್ರಿ. ಶುಕ್ರವಾರದಿಂದ ಅಲ್ಲೇ ಅದಾನ."

"ನೀನು ನೋಡೀಯೇನು?"

"ಅದೆಂಗ ನೋಡ್ಲಿರಿ? ಬಣ್ಣ ಆಗೋ ತನಕ ಪರದಿ ಸರಸಂಗಿಲ್ಲ. ಅಮ್ಮ ಮೈಮ್ಯಾಲೆ ಬಟ್ಟಿ ಇಲ್ಲದ ಕುಂತಿರ್ತಾಳ."

"ಮತ್ತ ಅದಾನ ಅಂತ ಹೆಂಗ ಹೇಳ್ತಿ?"

ಚೌಡಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಲ್ಲಿ ಹೋಗ್ತಾನ್ರಿ? ಇನ್ನೂ ಕಣ್ಣು ಬರದಿಲ್ಲಲ್ಲ."

"ಊಟ?"

"ತಾಟು ಪರದಿ ಮುಂದ ಇಡ್ತೀವಿ. ಕೈ ಬಂದು ತಗಂತತಿ."

"ಭಾನುವಾರ ಮಧ್ಯಾಹ್ನ ಕೈ ಬಂತಾ?"

ಚೌಡಣ್ಣ ಯೋಚಿಸಿದ. "ಅವತ್ತು ತಾಟು ಸಂಜಿತನಕ ಹಂಗ ಇತ್ತು. ರೊಟ್ಟಿ ಒಣಗಿ ಹಪ್ಪಳ ಆಗಿದ್ವು. ಒಪ್ಪತ್ತು ಮಾಡ್ಯಾನ ಅಂದ್ಕಂಡ್ವಿ."

"ಹಿಂದ ಬಾಗಿಲು ಐತೇನು?"

"ಐತ್ರಿ, ಸಣ್ಣದು. ಮಡಿನೀರು ತರಾಕ."

ಮೈಲಾರೇಶ್ ಪರದೆಯ ಕಡೆ ಒಂದು ಹೆಜ್ಜೆ ಇಟ್ಟ. ಕಾಂತೇಶ್ ಅವನ ತೋಳು ಹಿಡಿದರು.

"ಹಿಂದಿನ ಬಾಗಿಲಿಗೆ ಹೋಗಿ ನಿಂತ್ಕ. ಒಳಗ ಹೋಗಬ್ಯಾಡ."

"ಓಡಿದ್ರ ಸರ್?"

"ಓಡಂಗಿಲ್ಲ. ಕಣ್ಣು ಬರಿಬೇಕಲ್ಲ."

ಅವರು ಕಟ್ಟೆಯ ಮೇಲೆ ಕುಳಿತರು. ಹಳ್ಳಿಯವರು ಒಬ್ಬೊಬ್ಬರಾಗಿ ಬಂದು ದೂರದಲ್ಲಿ ನಿಂತರು. ಒಳಗೆ ಯಾರೋ ಇದ್ದಾರೆಂದು ತಿಳಿಯಲು ಇದ್ದದ್ದು ಬಟ್ಟಲಿನೊಳಗೆ ಕುಂಚ ತಾಗುವ ಸಣ್ಣ ಸದ್ದು ಮಾತ್ರ. ಕಾಂತೇಶ್ ಅದನ್ನೇ ಕೇಳುತ್ತ ಕುಳಿತರು. ಪೊಲೀಸರು ಬಂದಿದ್ದಾರೆಂದು ಒಳಗಿದ್ದವನಿಗೆ ಖಂಡಿತ ಕೇಳಿಸಿತ್ತು. ಸದ್ದು ಅವಸರಗೊಳ್ಳಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಒಳಗಿನಿಂದ ಒಂದು ದನಿ ಕನ್ನಡಿ ಕೇಳಿತು. ದೇವಿಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಚೌಡಣ್ಣ ಮುಖ ತಿರುಗಿಸಿ ಪರದೆಯಡಿಯಿಂದ ಕನ್ನಡಿ ಕೊಟ್ಟ. ಇನ್ನೂ ಸ್ವಲ್ಪ ಹೊತ್ತು. ಆಮೇಲೆ ಪರದೆ ಸರಿಯಿತು. ಹೆಂಗಸರು ಕೈಮುಗಿದರು. ಮೊದಲು ಕಂಡದ್ದು ದೇವಿಯ ಕೆಂಪು ಮುಖ, ಅಗಲವಾದ ಕಣ್ಣು. ಪಕ್ಕದಲ್ಲಿ ನಲವತ್ತೈದರ ಸುಮಾರಿನ, ಗಡ್ಡ ಬೆಳೆದ, ತೆಳ್ಳನೆಯ ಮನುಷ್ಯ.

ಅವನು ಕಾಂತೇಶರನ್ನು ನೋಡಿದ. "ಕೈ ತೊಳ್ಕಂತೀನಿ ಸರ್," ಎಂದ.

ಸಂಜೆ ನಾಲ್ಕೂ ಮೂವತ್ತೈದಕ್ಕೆ ಯರ್ರಿಸ್ವಾಮಿಯನ್ನು ದಸ್ತಗಿರಿ ಮಾಡಲಾಯಿತು. ಅವನ ಚೀಲದಲ್ಲಿ ಚಪ್ಪಟೆ ಉಳಿ, ಮೇಣದ ಉಂಡೆ ಮತ್ತು ಒಂದು ಹೊಸ ಕೀಲಿ ಸಿಕ್ಕವು. ಗುಡಿಯ ಕಟ್ಟೆಯ ಮೇಲೆಯೇ ಜಪ್ತಿ ಪಂಚನಾಮೆ ಆಯಿತು. ಚೌಡಣ್ಣ ಪಂಚನಾಗಿ ಸಹಿ ಹಾಕುವಾಗ, "ಅಮ್ಮಗ ಕಣ್ಣು ಬರದ ಕೈರಿ ಅದು," ಎಂದ. ಅದು ದೂರೋ ಸಮರ್ಥನೆಯೋ ತಿಳಿಯಲಿಲ್ಲ.

ಠಾಣೆಯಲ್ಲಿ ಯರ್ರಿಸ್ವಾಮಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

"ಈ ಕೀಲಿ ಯಾವಾಗ ಮಾಡಿಸಿದಿ?"

"ಹಳೇದು ಕೊಡು ಅಂದ್ರಲ್ಲ, ಅವತ್ತು. ಕೊಡೋ ಮುಂಚೆ."

"ಆವಾಗಿಂದ ಇದು ತಲ್ಯಾಗಿತ್ತಾ?"

"ಇಲ್ಲ ಸರ್. ಕೀಲಿ ಒಂದು ಇರ್ಲಿ ಅಂತ. ಇಪ್ಪತ್ತು ವರ್ಷ ಕಿಸೆದಾಗ ಇತ್ತು."

"ಹಂಪೇಶನ ಮ್ಯಾಲೆ ಬರ್ತತಿ ಅಂತ ಗೊತ್ತಿತ್ತಾ?"

ಯರ್ರಿಸ್ವಾಮಿ ಉಗುರಿನ ಸಂದಿಯಲ್ಲಿದ್ದ ಕೆಂಪು ಬಣ್ಣವನ್ನು ಕೀಳುತ್ತಿದ್ದ. "ಗೊತ್ತಿತ್ತು."

"ಅವನು ನಿನಗೇನು ಮಾಡಿದ್ದ?"

"ಏನೂ ಇಲ್ಲ. ಅಣ್ಣಾ ಅಂತಿದ್ದ."

"ದಡದಾಗಿನವರ ಕಣ್ಣಿಗೆ ಮೇಣ ಯಾಕ ಇಟ್ಟಿ?"

"ನೋಡ್ತಿದ್ರು."

"ದೋಣ್ಯಾಗಿನವನನ್ನ ಯಾಕ ಕೆರದಿ?"

"ಇಷ್ಟು ವರ್ಷ ಬಾಯಿ ತೆರಕಂಡು ಕುಂತಿದ್ದ. ಒಂದು ಮಾತು ಹೊರಗ ಬಿದ್ದಿಲ್ಲ. ನೋಡಾಕ ಆಗಲಿಲ್ಲ ಸರ್."

"ಹೊಟ್ಟಿಕಿಚ್ಚು ಅಂತ ಬರಕೊಳ್ಳಲಾ?"

"ಬರಕೊಳ್ರಿ. ಅದ ಹೌದು."

ಕಾಂತೇಶ್ ಬಸಲಿಂಗಮ್ಮನ ಹೇಳಿಕೆಯನ್ನು ಮೇಜಿನ ಮೇಲಿಟ್ಟರು. "ನಿನ್ನ ಹೆಂಡ್ರು ಒಂದು ಮಾತು ಹೇಳ್ಯಾರ. ಒಂಬತ್ತು ವರ್ಷದ ಹಿಂದಿನದು. ನಿನ್ನ ಬಾಯಿಂದ ಅದನ್ನೂ ಬರಕೊಂಡ್ರ ಕೋರ್ಟಿನಾಗ ನಿನಗ ಸ್ವಲ್ಪ ಅನುಕೂಲ ಆಗ್ತತಿ."

"ಅದು ಬ್ಯಾಡ್ರಿ."

"ಯಾಕ?"

"ಅದನ್ನ ನಾನು ಹೇಳಿದ್ರ ಏನು ಬೆಲಿ ಸರ್? ಅದು ಮೇಷ್ಟ್ರು ಹೇಳಬೇಕಾದ್ದು."

ಗುರುವಾರ ಬೆಳಿಗ್ಗೆ ವೀರಭದ್ರಯ್ಯ ಬಂದರು. ಹಂಪೇಶನ ಮೇಲಿನ ಅನುಮಾನ ತಪ್ಪು ಗ್ರಹಿಕೆಯಿಂದ ಆದದ್ದೆಂದು ಅವರ ಮರುಹೇಳಿಕೆ ಬರೆದುಕೊಳ್ಳಲಾಯಿತು. ಸಹಿ ಹಾಕುವಾಗ ಅವರು, "ಅವನ ಕೆಲಸಕ್ಕೇನೂ ತೊಂದ್ರಿ ಇಲ್ಲಲ್ಲ?" ಎಂದು ಕೇಳಿದರು. ಇಲ್ಲ ಎಂದರು ಕಾಂತೇಶ್.

"ಇನ್ನೊಂದು ಕೇಳಬೇಕು ಮೇಷ್ಟ್ರೇ. ದೋಣ್ಯಾಗಿನವನೇ ಮೊದಲು ಗುರುತು ಹಿಡಿದವನು ಅನ್ನೋ ಮಾತು. ಹಂಪೇಶಗಿಂತ ಮೊದಲು ಯಾರಾದ್ರೂ ನಿಮಗ ಹೇಳಿದ್ರಾ?"

ವೀರಭದ್ರಯ್ಯ ನೀರು ಕೇಳಿದರು. ಸಂಗೀತಾ ತಂದುಕೊಟ್ಟಳು. ಅವಳ ಕೈಯಲ್ಲಿದ್ದ ಲೋಟವನ್ನು ನೋಡಿದಾಗ, ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಅವರಿಗೆ ನೆನಪಾದಳು. ಮಳೆ ಬರುತ್ತಿತ್ತು. ತಾವು ನಕ್ಕಿದ್ದರು. ಆ ದಿನ ಯರ್ರಿಸ್ವಾಮಿ ಹೋದ ಮೇಲೆ ತಾವು ಚಿತ್ರದ ಮುಂದೆ ಬಹಳ ಹೊತ್ತು ನಿಂತದ್ದೂ, ಇದು ತನಗೆ ಯಾಕೆ ಕಾಣಲಿಲ್ಲ ಎಂದು ಮೈ ಉರಿದದ್ದೂ, ಆ ಉರಿಯನ್ನು ಆರಿಸಲು ಆ ಮಾತನ್ನೇ ಮರೆತದ್ದೂ ನೆನಪಾಯಿತು. ಹರಪನಹಳ್ಳಿಯಲ್ಲಿ ಎದ್ದು ನಿಂತು ಹಂಪೇಶನನ್ನು ಹೊಗಳುವಾಗ ಅದೇ ಉರಿ ಎರಡನೆಯ ಸಲ ಎದ್ದಿತ್ತು.

"ವಯಸ್ಸಾತು ಸರ್. ಅವನ್ನೊಂದು ಸಲ ನೋಡಬಹುದಾ?" ಎಂದರು.

ಲಾಕಪ್ಪಿನೊಳಗೆ ಯರ್ರಿಸ್ವಾಮಿ ಅವರನ್ನು ಕಂಡು ಎದ್ದು ನಿಂತ. ವೀರಭದ್ರಯ್ಯನವರಿಗೆ ಅವನ ಮುಖ ಸ್ಪಷ್ಟ ಕಾಣುತ್ತಿರಲಿಲ್ಲ, ನಿಲುವು ಕಾಣುತ್ತಿತ್ತು.

"ಉಂಡಿಯೇನಲೇ?"

"ಉಂಡೀನ್ರಿ."

"ಬಸಲಿಂಗಮ್ಮ ಹೊರಗ ಕುಂತಾಳ."

"ಮನಿಗೆ ಕಳಿಸ್ರಿ."

"ಹುಂ."

ಯರ್ರಿಸ್ವಾಮಿ ಕಾದ. ಅವನು ಕಾಯುತ್ತಿರುವುದು ಏನನ್ನು ಎಂದು ಬಾಗಿಲ ಬಳಿ ನಿಂತಿದ್ದ ಕಾಂತೇಶರಿಗೂ ಗೊತ್ತಿತ್ತು. ವೀರಭದ್ರಯ್ಯ ಕಂಬಿಯನ್ನು ಹಿಡಿದರು, ಬಿಟ್ಟರು. "ಬರ್ತೀನಿ," ಎಂದರು.

ಅಂದು ಮಧ್ಯಾಹ್ನ ಆರೋಪಿಯನ್ನು ಕೂಡ್ಲಿಗಿ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಕೇಸ್ ಡೈರಿಯಲ್ಲಿ ಕಾರಣದ ಎದುರು ಕಾಂತೇಶ್ 'ಮತ್ಸರ' ಎಂದು ಬರೆದರು. ಯಾರದ್ದು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಹಂಪೇಶನ ವೆರಿಫಿಕೇಶನ್ ಮುಗಿದು ಡಿಸೆಂಬರಿನಲ್ಲಿ ಅವನು ಕೆಲಸಕ್ಕೆ ಸೇರಿದ. ಫೆಬ್ರವರಿಯಲ್ಲಿ ಸಾಕ್ಷಿ ಹೇಳಲು ವೀರಭದ್ರಯ್ಯ ಕಟಕಟೆ ಹತ್ತಿದರು. ಬೀಗದ ಬಗ್ಗೆ, ಕೀಲಿಯ ಬಗ್ಗೆ, ಚಿತ್ರದ ಬೆಲೆಯ ಬಗ್ಗೆ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದರು. ಇನ್ನೇನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳಿದರು.

ದೋಣಿಯಲ್ಲಿ ಕುಳಿತವನನ್ನು ತನಗೆ ಮೊದಲು ತೋರಿಸಿದವನು ಯರ್ರಿಸ್ವಾಮಿ ಎಂದು ವೀರಭದ್ರಯ್ಯ ಹೇಳಲಿಲ್ಲ.